ಸೊಸೆಯ ನಾಯಿ

ಜೂನ್ 9, ಸೋಮವಾರ

ಇವತ್ತು ಅದು ಮತ್ತೆ ನನ್ನ ಹಿಮ್ಮಡಿಗೆ ಬಾಯಿ ಹಾಕಿತು. ಹಿತ್ತಲಲ್ಲಿ ಹೂ ಕಿತ್ತುಕೊಂಡು ಬರುತ್ತಿದ್ದೆ. ಹಿಂದಿನಿಂದ ಸದ್ದಿಲ್ಲದೆ ಬಂದು, ಕುರಿ ಅಟ್ಟಿದ ಹಾಗೆ ನನ್ನನ್ನು ಅಡುಗೆಮನೆಯ ಕಡೆಗೆ ಅಟ್ಟಿತು. ಹೊಳೆನರಸೀಪುರದ ಅರ್ಧ ಊರನ್ನು ಸ್ಕೂಲಿನಲ್ಲಿ ಸಾಲಾಗಿ ನಿಲ್ಲಿಸಿದವಳು ನಾನು. ನನ್ನನ್ನೇ ಸಾಲಿಗೆ ಸೇರಿಸಲು ನೋಡುತ್ತದೆ ಹಾಳು ನಾಯಿ.

ಸೊಸೆ ಕೋಣೆಯಿಂದ ಬಂದು, "ಕಚ್ಚಿಲ್ಲ ಅತ್ತೆ. ಅದರ ತಳಿಯೇ ಹಾಗೆ. ಬಾರ್ಡರ್ ಕಾಲಿ ಅಂದ್ರೆ ಕುರಿ ಕಾಯೋ ನಾಯಿ" ಅಂದಳು.

"ನಾನು ಕುರಿಯೇನು?"

"ಅಲ್ಲ ಅತ್ತೆ" ಅಂದು ಒಳಗೆ ಹೋದಳು. ಅಷ್ಟೇ. ಅವಳದು ಯಾವಾಗಲೂ ಅಷ್ಟೇ. ಮದುವೆಯಾಗಿ ಬಂದಾಗಿನಿಂದ ಒಂದು ದಿನ ಎದುರು ಮಾತಾಡಿದವಳಲ್ಲ. ಎದುರು ಮಾತಾಡದವರು ಮನಸ್ಸಿನಲ್ಲಿ ಏನು ಬೇಯಿಸುತ್ತಿರುತ್ತಾರೋ ಯಾರು ಕಂಡರು.

ನಾಯಿ ತಂದವನು ಅನಿಲ. ಬೆರಳಷ್ಟು ಮರಿ, ಕಪ್ಪು ಬಿಳಿ, ಒಂದು ಕಡೆ ನಿಲ್ಲುತ್ತಿರಲಿಲ್ಲ. "ಗಿರಗಿರ ಸುತ್ತುತ್ತಮ್ಮ, ಗಿರಕಿ ಅಂತಲೇ ಕರೆಯೋಣ" ಅಂದ. ಹೆಸರಿಟ್ಟವನು ಜನವರಿಯಲ್ಲಿ ಹಾಸನದ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಎದೆ ಹಿಡಿದುಕೊಂಡು ಕೂತ. ಮತ್ತೆ ಏಳಲಿಲ್ಲ. ಇರುವ ಒಬ್ಬನೇ ಮಗ. ಪಕ್ಕದಲ್ಲಿ ಮಲಗುತ್ತಿದ್ದ ಹೆಂಡತಿಗೆ ಅವನ ಎದೆಯೊಳಗೆ ಏನಾಗುತ್ತಿದೆ ಎಂದು ತಿಳಿಯಲಿಲ್ಲವೇ? ಕೇಳಿಲ್ಲ. ಕೇಳುವುದೂ ಇಲ್ಲ.

ಈಗ ಮನೆಯಲ್ಲಿ ನಾನು, ಅವಳು, ನಾಯಿ. ಯಾರಿಗೂ ಯಾರೂ ಬೇಕಾಗಿಲ್ಲ.

ಜೂನ್ 15, ಭಾನುವಾರ

ಊಟಕ್ಕೆ ಕೂತಾಗ ಸೊಸೆ ಒಂದು ಸುದ್ದಿ ಹೇಳಿದಳು. ನವೆಂಬರಿನಲ್ಲಿ ಹಾಸನದಲ್ಲಿ ನಾಯಿಗಳ ಓಟವಂತೆ. ಬರೀ ಓಟವಲ್ಲ. ಅಡ್ಡಗೋಲು ಹಾರಬೇಕು, ಇಳಿಜಾರು ಹಲಗೆ ಹತ್ತಿ ಇಳಿಯಬೇಕು, ಸಾಲು ಕೋಲುಗಳ ನಡುವೆ ಹಾವಿನ ಹಾಗೆ ನುಸುಳಬೇಕು, ಸುರಂಗದಲ್ಲಿ ತೂರಿ ಹೊರಗೆ ಬರಬೇಕು. ಜೊತೆಗೆ ನಾಯಿಯವರೂ ಓಡುತ್ತ ದಾರಿ ತೋರಿಸಬೇಕು. ಅನಿಲ ಇದಕ್ಕೇ ಗಿರಕಿಯನ್ನು ತಯಾರು ಮಾಡುತ್ತಿದ್ದನಂತೆ. ಈಗ ಇವಳು ಓಡುತ್ತಾಳಂತೆ.

"ಗಂಡ ಹೋಗಿ ಆರು ತಿಂಗಳಾಗಿಲ್ಲ. ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವವಳು ನೀನು. ನಾಲ್ಕು ಜನರ ಎದುರು ನಾಯಿಯ ಹಿಂದೆ ಓಡುತ್ತೀಯಾ? ಜನ ಏನಂತಾರೆ?" ಅಂದೆ.

"ಆಗಲಿ ಅತ್ತೆ" ಅಂದಳು.

ಬಿಟ್ಟಳು ಎಂದುಕೊಂಡೆ. ಸಂಜೆ ನೋಡಿದರೆ ಹಿತ್ತಲಲ್ಲಿ ಕೂತು ಪ್ಲಾಸ್ಟಿಕ್ ಪೈಪು ಕುಯ್ಯುತ್ತಿದ್ದಾಳೆ, ಹಾರುಗೋಲು ಮಾಡಲು. ಅವಳ "ಆಗಲಿ"ಗೆ ಅರ್ಥ ಇವತ್ತು ಗೊತ್ತಾಯಿತು.

ಜೂನ್ 22, ಭಾನುವಾರ

ಚನ್ನರಾಯಪಟ್ಟಣಕ್ಕೆ ಹೋಗಿದ್ದೆವು. ನಾನು ಹೋಗಿದ್ದು ನಾಯಿಗಾಗಿ ಅಲ್ಲ. ಹೆಂಗಸು ಒಬ್ಬಳೇ ಕಾರು ಓಡಿಸಿಕೊಂಡು ಯಾರೋ ಗಂಡಸಿನ ಹತ್ತಿರ ಪಾಠಕ್ಕೆ ಹೋದರೆ ಬೀದಿಯವರ ಬಾಯಿಗೆ ಬೀಗ ಹಾಕುವವರು ಯಾರು.

ಆ ಗಂಡಸು ಷಡಕ್ಷರಿ. ಪೊಲೀಸ್ ನಾಯಿದಳದಲ್ಲಿದ್ದು ನಿವೃತ್ತನಾದವನು. ಕೆರೆಯ ಪಕ್ಕದ ಬಯಲಿನಲ್ಲಿ ಭಾನುವಾರ ನಾಯಿಗಳಿಗೆ ತರಬೇತಿ. ಗಂಟಲು ಎಂಥದೆಂದರೆ ಕೆರೆಯ ಆಚೆ ದಡದ ಕೊಕ್ಕರೆ ಎದ್ದು ಹೋಗಬೇಕು. "ಮೇಡಂ, ನಾಯಿಗಿಂತ ಮುಂಚೆ ನೀವು ತಿರುಗ್ಬೇಕು ಕಣ್ರೀ! ಕಂಬ ನಿಂತಂಗೆ ನಿಂತ್ರೆ ಎಂಗೆ? ಕೈ ತೋರ್ಸಿ, ಕೈ!" ಸೊಸೆ ಕಪ್ಪು ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಓಡಿದಳು, ಎಡವಿದಳು, ಮತ್ತೆ ಓಡಿದಳು. ಬೈಕಿನ ಮೇಲೆ ಹೋಗುತ್ತಿದ್ದ ಇಬ್ಬರು ನಿಲ್ಲಿಸಿ ನೋಡತೊಡಗಿದರು. ನಾನು ಅವರನ್ನು ನೋಡಿದೆ. ಹೋದರು.

ನಾಯಿ ಮಾತ್ರ ಇವಳ ಮಾತು ಕೇಳಲೇ ಇಲ್ಲ. ಎರಡು ಗೋಲು ಹಾರಿದ್ದೇ, ಕೆರೆಯ ಅಂಗಳದಲ್ಲಿ ಮೇಯುತ್ತಿದ್ದ ಹಸುಗಳು ಕಣ್ಣಿಗೆ ಬಿದ್ದವು. ಬಿಲ್ಲಿನಿಂದ ಬಿಟ್ಟ ಬಾಣ. ಒಂದು ಸುತ್ತು ಹಾಕಿ ಎಲ್ಲವನ್ನೂ ಒಟ್ಟು ಮಾಡಿ ಏರಿಯ ಮೂಲೆಗೆ ತಂದು ನಿಲ್ಲಿಸಿ, ಹೊಟ್ಟೆ ನೆಲಕ್ಕೆ ಒತ್ತಿ ಮಲಗಿ, ಕಣ್ಣು ಮಿಟುಕಿಸದೆ ಕಾಯುತ್ತ ಕೂತಿತು.

ದನಗಳ ಯಜಮಾನ, ಕೆಂಪಣ್ಣ ಅನ್ನುವವನು, ಓಡಿಬಂದ. "ಯಾರ್ದವ್ವಾ ಈ ಮುಂಡೇದು! ಆಲು ಕರ್ಯೋ ಅಸಾ ಎಲ್ಲಾ ಎದ್ರುಕೊಂಡ್ವಲ್ಲ! ಸಂಜಿಕೆ ಡೈರಿಗೆ ಏನ್ ನನ್ ತಲೆ ಉಯ್ಯನಾ?"

ಸೊಸೆ ಕೈ ಮುಗಿದು ಕ್ಷಮೆ ಕೇಳಿದಳು. ನಾನು ಕಾರಿನಲ್ಲಿ ಕೂತು ಗಾಜು ಏರಿಸಿಕೊಂಡೆ. ಇಂಥ ಅವಮಾನ ನನ್ನ ಸರ್ವಿಸ್ಸಿನಲ್ಲಿ ಆಗಿರಲಿಲ್ಲ.

ಜುಲೈ 8, ಮಂಗಳವಾರ

ಸೊಸೆ ಕಾಲೇಜಿಗೆ ಹೋದ ಮೇಲೆ ಅದು ಅಡುಗೆಮನೆ ಬಾಗಿಲಲ್ಲಿ ಕೂತು ನನ್ನನ್ನು ದುರುಗುಟ್ಟಿಕೊಂಡು ನೋಡಿತು. ನಾನೂ ನೋಡಿದೆ. ಎಂಥೆಂಥ ಪುಂಡರನ್ನು ಕಣ್ಣಲ್ಲೇ ಕೂರಿಸಿದ್ದೇನೆ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು, ನಾನು ಕಣ್ಣು ಕೀಳಲಿಲ್ಲ. ಕೊನೆಗೆ ಅದೇ ತಲೆ ತಿರುಗಿಸಿತು.

ಗೆದ್ದೆ.

ಜುಲೈ 20, ಭಾನುವಾರ

ಪಕ್ಕದ ಮನೆಯ ರವೀಂದ್ರ ಗೇಟಿಗೆ ಬಂದು ಕೂಗಾಡಿದ. ಅವನ ಕೋಳಿಗಳನ್ನೆಲ್ಲ ನಾಯಿ ಮೂಲೆಗೆ ಒತ್ತರಿಸಿ ನಿಲ್ಲಿಸಿಕೊಂಡಿತ್ತಂತೆ. ಒಂದಕ್ಕೂ ಹಲ್ಲು ತಗಲಿಸಿಲ್ಲ, ಆದರೆ ಎರಡು ಹೆದರಿ ಮೊಟ್ಟೆ ಇಡುವುದನ್ನೇ ಬಿಟ್ಟಿವೆಯಂತೆ.

"ಗಂಡು ದಿಕ್ಕಿಲ್ದಿರೋ ಮನೆ ಅಂತ ಸುಮ್ನಿದೀನಿ ಮೇಷ್ಟ್ರಮ್ಮ. ಇನ್ನೊಂದ್ಸಲ ಬಂದ್ರೆ ವಿಸ ಆಕ್ಬುಡ್ತೀನಿ" ಅಂದ.

ನನ್ನ ಹತ್ತಿರ ಅಆಇಈ ಕಲಿತವನು. ಒಳಗೆ ಬಂದು ಅರಕಲಗೂಡಿಗೆ, ತಮ್ಮ ತಿಮ್ಮಪ್ಪನಿಗೆ ಫೋನು ಮಾಡಿದೆ.

ಆಗಸ್ಟ್ 2, ಶನಿವಾರ

ತಿಮ್ಮಪ್ಪ ಬಂದಿದ್ದ. ಸೊಸೆ ಕಾಲೇಜಿನಲ್ಲಿದ್ದ ಹೊತ್ತು. ಒಬ್ಬಟ್ಟು ತಿಂದು, ಕೈ ತೊಳೆದು ಹೇಳಿದ: "ಅಕ್ಕಯ್ಯ, ಆ ನಾಯಿನ ನಮ್ ತ್ವಾಟಕ್ಕೆ ಕೊಡು. ಕಟ್ಟಾಕ್ಕತೀವಿ. ಇನ್ನ ಆ ಉಡುಗಿ. ವಯಸ್ಸಿನ್ ಉಡುಗಿ, ಎಷ್ಟ್ ದಿನ ಅಂತ ಇಟ್ಕಂಡಿರ್ತೀಯ? ಅವ್ರವ್ವನ್ ಮನೆ ಚನ್ರಾಯಪಟ್ನದಲ್ಲೈತಲ್ಲ, ಓಗ್ಲಿ. ನಾಯಿ ಓದ್ರೆ ತಾನಾಗೇ ಓಯ್ತದೆ ಕಣಕ್ಕ. ನಾಯಿಗೋಸ್ಕರ ತಾನೇ ಇಲ್ಲವ್ಳೆ."

ಮಾತಿನಲ್ಲಿ ತಪ್ಪೇನು ಕಾಣಲಿಲ್ಲ. ಮಂಗಳವಾರ ಅವಳಿಗೆ ಪರೀಕ್ಷೆಯ ಕೆಲಸವಿದೆ, ತಡವಾಗಿ ಬರುತ್ತಾಳೆ, ಆಗ ಬಾ ಅಂದೆ.

ಆಗಸ್ಟ್ 5, ಮಂಗಳವಾರ

ಕೊಟ್ಟೆ. ಜೀಪಿಗೆ ಹತ್ತಲಿಲ್ಲ. ತಿಮ್ಮಪ್ಪನೂ ಅವನ ಮಗ ಚಿಕ್ಕಯ್ಯನೂ ನಾಲ್ಕು ಕಾಲು ಹಿಡಿದು ಎತ್ತಿ ಹಾಕಿದರು. ಬೊಗಳಲಿಲ್ಲ, ನನ್ನನ್ನೇ ನೋಡುತ್ತಿತ್ತು.

ಸಂಜೆ ಸೊಸೆ ಬಂದಳು. ಗೇಟಿನಲ್ಲೇ ತಿಳಿಯಿತು ಅವಳಿಗೆ. ಹಿತ್ತಲಿಗೆ ಹೋಗಿ ನೋಡಿ ಬಂದಳು. ವಿಷಯ ಹೇಳಿದೆ.

"ಯಾಕೆ ಅತ್ತೆ?" ಅಂದಳು.

ರವೀಂದ್ರ ವಿಷ ಹಾಕುತ್ತೇನೆ ಎಂದದ್ದನ್ನು ಹೇಳಿದೆ. ತೋಟದಲ್ಲಿ ಸುಖವಾಗಿರುತ್ತದೆ ಅಂದೆ. ಅವಳು ನಾಯಿಯ ತಟ್ಟೆ ತೊಳೆದು, ಬೋರಲು ಹಾಕಿ, ಕೋಣೆಯ ಬಾಗಿಲು ಹಾಕಿಕೊಂಡಳು. ಕೂಗಾಡಲಿ, ಜಗಳ ಆಡಲಿ, ನಾನೂ ನಾಲ್ಕು ಮಾತು ಹೇಳಬಹುದು. ಇದೇನು ಮನುಷ್ಯರ ಜಾತಿಯೋ.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ. ಬೀದಿಯ ಹೆಂಗಸರು ರೇಷ್ಮೆ ಸೀರೆ ಉಟ್ಟು ಅರಿಶಿನ ಕುಂಕುಮಕ್ಕೆ ಕರೆಯಲು ಹೊರಟರು. ನಮ್ಮ ಗೇಟಿನ ಮುಂದೆ ಬಂದಾಗ ಮಾತು ನಿಲ್ಲಿಸಿದರು, ದಾಟಿದ ಮೇಲೆ ಮತ್ತೆ ಶುರು ಮಾಡಿದರು. ನನಗೆ ಅಭ್ಯಾಸವಾಗಿದೆ, ನನ್ನ ಯಜಮಾನರು ಹೋಗಿ ಎಷ್ಟೋ ಕಾಲವಾಯಿತು. ಅವಳು ಕಿಟಕಿಯಲ್ಲಿ ನಿಂತಿದ್ದಳು.

ತಿಮ್ಮಪ್ಪ ಫೋನಿನಲ್ಲಿ ನಕ್ಕ. ಬುಧವಾರ ಸೊಸೆ ಕಾಲೇಜಿನಿಂದ ನೇರ ಅರಕಲಗೂಡಿಗೆ ಹೋಗಿದ್ದಳಂತೆ ನಾಯಿ ಕೇಳಲು. "ಅಕ್ಕ ಏಳುದ್ರೆ ಕೊಡ್ತೀನಿ, ಇಲ್ದಿದ್ರೆ ಇಲ್ಲ ಅಂದೆ. ಸುಮ್ನೆ ಓದ್ಲು." ನನಗೆ ಅವಳು ಹೇಳಿಯೇ ಇರಲಿಲ್ಲ.

ಕೋಣೆಯಲ್ಲಿ ಸೂಟ್‌ಕೇಸು ತೆರೆದಿದೆ. ಸೀರೆಗಳನ್ನು ಮಡಿಸಿ ಇಟ್ಟಿದ್ದಾಳೆ. ನಾನು ಬಯಸಿದ್ದೇ ಆಯಿತು. ಉಪ್ಪಿಟ್ಟು ಅರ್ಧ ತಟ್ಟೆಯಲ್ಲೇ ಬಿಟ್ಟೆ. ರವೆ ಹಳೆಯದು.

ಆಗಸ್ಟ್ 10, ಭಾನುವಾರ

ಬೆಳಿಗ್ಗೆ ಬಸ್ಸು ಹಿಡಿದು ಅರಕಲಗೂಡಿಗೆ ಹೋದೆ. ತಮ್ಮನನ್ನು ನೋಡಿ ಬರೋಣ ಎಂದು. ಮನೆಯಲ್ಲಿ ಇಲಿಯೂ ಹೆಚ್ಚಾಗಿವೆ.

ನಾಯಿ ತೋಟದಲ್ಲಿರಲಿಲ್ಲ. ಪಂಪ್‌ಸೆಟ್ ಮನೆಯೊಳಗೆ ಕಟ್ಟಿದ್ದರು. ಕಿಟಕಿಯಿಲ್ಲ, ಬಾಗಿಲು ಹಾಕಿದರೆ ಮುಖಕ್ಕೆ ಮುಖ ಕಾಣದ ಕತ್ತಲೆ. ಮೋಟಾರಿನ ಕಬ್ಬಿಣಕ್ಕೆ ಬಿಗಿದ ಸರಪಳಿ ಎಷ್ಟು ಗಿಡ್ಡವೆಂದರೆ ಅದು ಮಲಗಿದರೂ ತಲೆ ನೆಲ ಮುಟ್ಟುತ್ತಿರಲಿಲ್ಲ. ಕುತ್ತಿಗೆಯ ಕೂದಲು ಹೋಗಿ ಹಸಿ ಮಾಂಸ ಕಾಣುತ್ತಿತ್ತು. ಬಾಗಿಲು ತೆಗೆದದ್ದಕ್ಕೆ ಬಾಲವೂ ಅಲ್ಲಾಡಲಿಲ್ಲ. ನನ್ನನ್ನು ಸೋಲಿಸಲು ನೋಡಿದ ಕಣ್ಣು ಈಗ ಗೋಡೆಯನ್ನು ನೋಡುತ್ತಿತ್ತು.

"ಏನೋ ಇದು?" ಅಂದೆ.

"ದನ ಎಲ್ಲಾ ಅಟ್ಟಾಡ್ಸ್ತು ಕಣಕ್ಕ. ಎರಡ್ ಬಿಟ್ಟೆ. ಈಗ್ ನೋಡು ಎಂಗೈತೆ, ಮೇಕೆ ಮರಿ ಅಂಗೆ."

"ಸರಪಳಿ ಬಿಚ್ಚು."

"ನೀನೇ ಕೊಟ್ಟಲ್ಲಕ್ಕ!"

"ಕೊಟ್ಟವಳೇ ಕೇಳ್ತಿದೀನಿ. ಬಿಚ್ಚು."

ತಿಮ್ಮಪ್ಪನ ದನಿ ಏರಿತು. "ನಾಯಿ ಬಂದ್ರೆ ಆ ಉಡುಗಿ ಓಗಲ್ಲ ಕಣಕ್ಕ. ನಮ್ ಚಿಕ್ಕಯ್ಯನ್ನ ಕಳ್ಸನಾ ಅಂತಿದ್ದೆ, ನಿನ್ ಜೊತೆಗಿರ್ತಾನೆ, ಮನೆ ನೋಡ್ಕತಾನೆ."

"ಮನೆ ನೋಡಿಕೊಳ್ಳೋಕೆ ಅದೇನು ಎದ್ದು ಓಡಿ ಹೋಗುತ್ತೇನೋ?" ಅಂದೆ. ನಾನೇ ಬಗ್ಗಿ ಸರಪಳಿ ಬಿಚ್ಚಿದೆ. ತಮ್ಮನ ಹೆಂಡತಿ ಊಟಕ್ಕೆ ಎಲೆ ಹಾಕಿದ್ದಳು. ಕೂರಲಿಲ್ಲ.

ಬಸ್ಸಿನ ಕಂಡಕ್ಟರು ನಾಯಿ ಹತ್ತಿಸುವುದಿಲ್ಲ ಎಂದ. ಅವನ ಜೊತೆಗೂ ಆಯಿತು ಒಂದು ಸುತ್ತು. ಕೊನೆಗೆ ಶುಂಠಿ ಮೂಟೆಯ ಗೂಡ್ಸ್ ಆಟೋ ಸಿಕ್ಕಿತು. ಡ್ರೈವರ್ ಪಾಲಾಕ್ಷ ದಾರಿಯುದ್ದಕ್ಕೂ, "ಇಂಥಾ ನಾಯಿ ಯಾಕಮ್ಮಾ ಸಾಕ್ತೀರಾ, ಸಾಯೋ ಅಂಗೈತೆ" ಅನ್ನುತ್ತಿದ್ದ. ನಿನ್ನ ಆಟೋಗಿಂತ ಚೆನ್ನಾಗಿದೆ, ರಸ್ತೆ ನೋಡಿ ಓಡಿಸು ಅಂದೆ. ನಾಯಿ ನನ್ನ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗಿತ್ತು. ಕಾಲು ಜೋಮು ಹಿಡಿಯಿತು. ತೆಗೆಯಲು ಆ ಆಟೋದಲ್ಲಿ ಜಾಗವೆಲ್ಲಿತ್ತು.

ಸೊಸೆ ಬಾಗಿಲು ತೆಗೆದವಳು ಹಾಗೇ ಹೊಸ್ತಿಲ ಮೇಲೆ ಕುಸಿದು ಕೂತಳು. ನಾಯಿ ತೆವಳಿಕೊಂಡು ಹೋಗಿ ಅವಳ ಮಡಿಲಲ್ಲಿ ಮುಖ ಇಟ್ಟಿತು.

"ಹೊಸ್ತಿಲ ಮೇಲೆ ಕೂರಬಾರದು, ಒಳಗೆ ನಡೆ. ಇಲಿ ಹೆಚ್ಚಾಗಿವೆ ಅಂತ ತಂದೆ" ಅಂದು ಕೊಬ್ಬರಿ ಎಣ್ಣೆಗೆ ಅರಿಶಿನ ಹಾಕಿ ಬಿಸಿ ಮಾಡಲು ಹೋದೆ.

ಆಗಸ್ಟ್ 11, ಸೋಮವಾರ

ಸೂಟ್‌ಕೇಸು ಬೀರುವಿನ ಮೇಲೆ ಹೋಗಿದೆ. ಧೂಳು ಒರೆಸದೆ ಇಟ್ಟಿದ್ದಾಳೆ.

ಆಗಸ್ಟ್ 31, ಭಾನುವಾರ

ಗಾಯ ಆರಿದೆ. ಚನ್ನರಾಯಪಟ್ಟಣಕ್ಕೆ ಹೋದೆವು. ಗಿರಕಿ ಗೋಲು ಹಾರಿತು, ಹಲಗೆ ಹತ್ತಿತು, ಸುರಂಗದ ಬಾಯಿಗೆ ಬಂದಿದ್ದೇ ನಡುಗಿ ಹಿಂದೆ ಸರಿಯಿತು. ಮೊದಲು ಅದರಲ್ಲಿ ಗುಂಡಿನ ಹಾಗೆ ತೂರುತ್ತಿತ್ತಂತೆ. ಈಗ ಕತ್ತಲೆ ಕಂಡರೆ ಆಗುವುದಿಲ್ಲ. ರಾತ್ರಿ ನಡುಮನೆಯ ದೀಪ ಆರಿಸಿದರೂ ಕುಂಯ್‌ಗುಡುತ್ತದೆ. ಕರೆಂಟು ದಂಡ.

ಷಡಕ್ಷರಿ, "ಎದ್ರುಕೊಂಡಿದ್ ನಾಯಿಗೆ ಒಂದೇ ಮದ್ದು ಮೇಡಂ, ಇಡ್ದು ಒಳಕ್ ತಳ್ಳೋದು" ಎಂದು ಕೊರಳಪಟ್ಟಿಗೆ ಕೈ ಹಾಕಿ ಎಳೆದ. ಗಾಯವಿದ್ದ ಜಾಗ. ಗಿರಕಿ ಕಿರುಚಿತು.

"ಕೈ ತೆಗೀರಿ!" ಎಂದು ಯಾರೋ ಕೂಗಿದರು. ಬಯಲಿನ ನಾಯಿಗಳೆಲ್ಲ ಒಟ್ಟಿಗೆ ಕೂತುಬಿಟ್ಟವು. ಕೂಗಿದ್ದು ನಾನೇ.

"ಅಮ್ಮಾವ್ರೇ, ಇದು ನನ್ ಗ್ರೌಂಡು" ಅಂದ.

"ಗ್ರೌಂಡು ನಿಮ್ಮದು. ನಾಯಿ ನಮ್ಮದು."

"ಅಂಗಾದ್ರೆ ನಾಳೆಯಿಂದ ಬರ್ಬೇಡಿ. ಈ ನಾಯಿ ಮುಗೀತು, ಬರ್ದಿಟ್ಕೊಳಿ."

ಗುರು ಹೋದ. ಸೊಸೆ ಧನ್ಯಾ ಬೈಯುತ್ತಾಳೆ ಎಂದುಕೊಂಡೆ. ಕಾರಿನಲ್ಲಿ ರೇಡಿಯೋ ಹಾಕಿದಳು. ಅನಿಲ ಹೋದ ಮೇಲೆ ಆ ರೇಡಿಯೋ ಹಾಡಿದ್ದು ಇವತ್ತೇ. ಸದ್ದು ಜಾಸ್ತಿ ಇತ್ತು.

ಸೆಪ್ಟೆಂಬರ್ 14, ಭಾನುವಾರ

ಧನ್ಯಾ ಟಾರ್ಪಾಲಿನಿಂದ ಸುರಂಗ ಹೊಲಿದಳು. ಗಣಿತದವಳ ಹೊಲಿಗೆ, ಒಂದೂ ನೆಟ್ಟಗಿಲ್ಲ. ಬಿಚ್ಚಿ ನಾನೇ ಹೊಲಿದೆ. ಮೊದಲು ಒಂದು ಮಾರಿನಷ್ಟೇ ಉದ್ದ ಇಟ್ಟೆವು. ಗಿರಕಿ ಮೂಸಿತು, ದಾಟಲಿಲ್ಲ.

ಸೆಪ್ಟೆಂಬರ್ 17, ಬುಧವಾರ

ದಾಟಲಿಲ್ಲ.

ಸೆಪ್ಟೆಂಬರ್ 20, ಶನಿವಾರ

ಇಲ್ಲ. ಧನ್ಯಾ ಈ ತುದಿ, ನಾನು ಆ ತುದಿ. ಕರೆದು ಕರೆದು ನನ್ನ ಗಂಟಲು ಹೋಯಿತು. ಮಂಡಿಗೆ ಮುಲಾಮು ಹಚ್ಚಿದರೂ ನೋವು ಹೋಗುತ್ತಿಲ್ಲ. ದಡ್ಡ ನಾಯಿ, ದಡ್ಡ ಸೊಸೆ. ಇಬ್ಬರಿಗೂ ಒಂದೇ ಹಟ.

ಸೆಪ್ಟೆಂಬರ್ 27, ಶನಿವಾರ

ಸಾಕಾಗಿ ಕರೆಯುವುದನ್ನೇ ಬಿಟ್ಟೆ. ಸುರಂಗದ ಆಚೆ ತುದಿಯಲ್ಲಿ ಬೆನ್ನು ತಿರುಗಿಸಿ ಕೂತು ಅವರೆಕಾಯಿ ಸುಲಿಯತೊಡಗಿದೆ. ಬಂದರೆ ಬರಲಿ, ಬಿಟ್ಟರೆ ಬಿಡಲಿ. ಸ್ವಲ್ಪ ಹೊತ್ತಿಗೆ ಮೊಣಕೈಗೆ ಏನೋ ತಣ್ಣಗೆ ತಗುಲಿತು. ತಿರುಗಿದರೆ ಗಿರಕಿಯ ಮೂಗು.

ಧನ್ಯಾ ಆ ತುದಿಯಿಂದ, "ಬಂದ್ಲಾ ಅತ್ತೆ? ಬಂದ್ಲಾ?" ಎಂದು ಕೂಗುತ್ತಿದ್ದಳು.

"ಅವರೆಕಾಯಿಗೆ ಬಂದಿದೆ" ಅಂದೆ.

ಅಕ್ಟೋಬರ್ 19, ಭಾನುವಾರ

ರವೀಂದ್ರ ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ಮೇಷ್ಟ್ರಮ್ಮ, ಸರ್ಕಸ್ ಕಂಪ್ನಿ ಮಾಡ್ತಿದೀರಾ?" ಅಂದ. ಹೌದು, ಒಂದು ಕೋತಿ ಕಮ್ಮಿ ಇದೆ, ಬರ್ತೀಯಾ ಅಂದೆ. ಧನ್ಯಾ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು. ಬಟ್ಟೆ ಒಣಗಿಸುವ ಕೆಲಸ ಅರ್ಧಕ್ಕೇ ಬಿಟ್ಟು.

ಸುರಂಗ ಈಗ ಪೂರ್ತಿ ಉದ್ದವಾಗಿದೆ. ಅವಳು ತಡವಾಗಿ ತಿರುಗುತ್ತಾಳೆ. ನಾಯಿ ಸರಿಯಾಗಿಯೇ ಇದೆ.

ನವೆಂಬರ್ 9, ಭಾನುವಾರ

ತಿಮ್ಮಪ್ಪ ಫೋನು ಮಾಡಿದ್ದ. ಜನವರಿಗೆ ಅನಿಲನ ವರ್ಷದ ಕಾರ್ಯ ಮುಗಿಯುತ್ತದಲ್ಲ, ಆಮೇಲೆ ಹಿರಿಯರು ಸೇರಿ ಸೊಸೆಯ ವಿಷಯ ಇತ್ಯರ್ಥ ಮಾಡಬೇಕಂತೆ. ಬಾ, ಊಟ ಮಾಡು, ಹೋಗು ಅಂದೆ. ಹಿರಿಯರಂತೆ. ಅವನಿಗೆ ಚಡ್ಡಿ ಗುಂಡಿ ಹಾಕಲು ಕಲಿಸಿದವಳು ನಾನು.

ನವೆಂಬರ್ 23, ಭಾನುವಾರ

ಬೆಳಿಗ್ಗೆಯೇ ಹಾಸನಕ್ಕೆ ಹೋದೆವು. ಕಾಲೇಜು ಮೈದಾನ, ಶಾಮಿಯಾನ, ಧ್ವನಿವರ್ಧಕ. ಮೈಸೂರು ಬೆಂಗಳೂರುಗಳಿಂದ ಬಂದ ನಾಯಿಗಳಿಗೆ ಫ್ಯಾನು, ನೀರು, ಕೊಡೆ. ನಮ್ಮದಕ್ಕೆ ನನ್ನ ಹಳೆಯ ಬೆಡ್‌ಶೀಟು. ಧನ್ಯಾಗೆ ಇಡ್ಲಿ ತಿನ್ನು ಅಂದರೆ ವಾಕರಿಕೆ ಅಂದಳು. ಖಾಲಿ ಹೊಟ್ಟೆಯಲ್ಲಿ ಓಡಿ ಬಿದ್ದರೆ ನಾನು ಎತ್ತುವುದಿಲ್ಲ ಎಂದು ಹೇಳಿದ ಮೇಲೆ ಅರ್ಧ ತಿಂದಳು.

ನಮ್ಮ ಸರದಿ ಬಂತು. ಸೀಟಿ ಆದದ್ದೇ ಇಬ್ಬರೂ ಹೊರಟರು. ಗಿರಕಿ ಮೊದಲ ಗೋಲು ಹಾರಿದ್ದು ನೋಡಿದೆ, ಕಾಲು ನೆಲಕ್ಕೆ ತಗಲಿತೋ ಇಲ್ಲವೋ. ಎರಡನೆಯದು, ಮೂರನೆಯದು. ಇಳಿಜಾರು ಹಲಗೆಯ ನೆತ್ತಿಯಲ್ಲಿ ಒಂದು ಕ್ಷಣ ಆಕಾಶದಲ್ಲಿತ್ತು. ಕೋಲುಗಳ ನಡುವೆ ನೀರು ಹರಿದ ಹಾಗೆ ಹರಿಯಿತು. ಧನ್ಯಾ ಕೈ ಚಾಚಿ, ಸರಿಯಾದ ಹೊತ್ತಿಗೆ ತಿರುಗಿದಳು. ಇವತ್ತಾದರೂ.

ಆಮೇಲೆ ಸುರಂಗ. ನಮ್ಮ ಮನೆಯದು ನೇರ, ಆ ಕಡೆಯ ಬೆಳಕು ಕಾಣುತ್ತದೆ. ಇಲ್ಲಿಯದು ಬಾಗಿತ್ತು. ಬಾಯಲ್ಲಿ ಬರೀ ಕತ್ತಲೆ. ಗಿರಕಿ ಅಲ್ಲೇ ನಿಂತಿತು, ಹಿಂದೆ ಸರಿಯಿತು. ತೀರ್ಪುಗಾರ ಕೈ ಎತ್ತಿದ. ಧನ್ಯಾ ಮತ್ತೆ ಕರೆತಂದಳು. ಮತ್ತೆ ಸರಿಯಿತು. ಇನ್ನೊಂದು ಸಲ ಹಿಂದೆ ಸರಿದರೆ ಹೊರಗೆ.

ಆಗ ನನ್ನ ಹಿಂದಿನ ಸಾಲಿನಲ್ಲಿ ಗೊತ್ತಿರುವ ದನಿ ಕೇಳಿತು. ರವೀಂದ್ರ. ತಮಾಷೆ ನೋಡಲು ಬಂದಿದ್ದಾನೆ ಹೊಳೆನರಸೀಪುರದಿಂದ. ಪಕ್ಕದವನಿಗೆ ಹೇಳುತ್ತಿದ್ದ: "ಗಂಡ ಓಗಿ ವರ್ಸ ತುಂಬಿಲ್ಲ ಕಣ್ಲಾ. ಪ್ಯಾಂಟ್ ಆಕ್ಕೊಂಡು ಎಂಗ್ ಕುಣೀತಾವ್ಳೆ ನೋಡು."

ಎದ್ದು ತಿರುಗಿದೆ. "ರವೀಂದ್ರ, ಎದ್ದು ನಿಲ್ಲು" ಅಂದೆ. ನಿಂತ. "ಅಲ್ಲಿ ಓಡುತ್ತಿರುವವಳು ನನ್ನ ಸೊಸೆ. ನನ್ನ ಮಗ ಬಿಟ್ಟ ಕೆಲಸ ಮುಗಿಸ್ತಿದಾಳೆ. ನೀನು ಮೂರನೇ ಕ್ಲಾಸಿನಲ್ಲಿ ಮೊಣಕಾಲೆತ್ತರದ ಹಗ್ಗ ಹಾರೋಕೆ ಹೋಗಿ ಬಿದ್ದು ಚಡ್ಡಿ ಒದ್ದೆ ಮಾಡಿಕೊಂಡವನು. ಹೋಗು, ಆ ಹಲಗೆ ಹತ್ತಿ ಇಳಿದು ತೋರಿಸು. ಆಮೇಲೆ ಮಾತಾಡು. ಇನ್ನೊಂದು ಸಲ ನಮ್ಮ ಮನೆ ಹೆಂಗಸರ ಮಾತು ನಿನ್ನ ಬಾಯಲ್ಲಿ ಬಂದರೆ..." ಇನ್ನೂ ಇತ್ತು ಹೇಳುವುದು. ಅಷ್ಟರಲ್ಲಿ ಬೆನ್ನ ಹಿಂದೆ ಮೈದಾನವೆಲ್ಲ ಚಪ್ಪಾಳೆ ತಟ್ಟಿತು.

ತಿರುಗಿ ನೋಡಿದರೆ ಗಿರಕಿ ಸುರಂಗದ ಆಚೆ ಕಡೆ ಇದೆ. ಕೊನೆಯ ಗೋಲಿನತ್ತ ಓಡುತ್ತಿದೆ. ಧನ್ಯಾಳ ಅಂಗಿಯೆಲ್ಲ ಮಣ್ಣು.

ಬಹುಮಾನ ಬರಲಿಲ್ಲ. ಹಿಂದೆ ಸರಿದದ್ದಕ್ಕೆ ಅಂಕ ಕಳೆದರು. ಪಟ್ಟಿಯಲ್ಲಿ ಎಲ್ಲೋ ಕೆಳಗೆ.

ಹಿಂದಿರುಗುವಾಗ ಹಾಸನ ದಾಟಿದ ಮೇಲೆ ಧನ್ಯಾ ಕೇಳಿದಳು: "ನೋಡಿದ್ರಾ ಅತ್ತೆ, ಸುರಂಗದೊಳಗೆ ಹೋಗಿದ್ದು?"

"ನೋಡಿದೆ. ಚೆನ್ನಾಗಿತ್ತು. ಆದರೆ ನೀನು..."

"ಇಲ್ಲ. ನೀವು ನೋಡ್ಲಿಲ್ಲ." ಕಾರು ರಸ್ತೆ ಬದಿಗೆ ನಿಂತಿತು. "ನೆಲದ ಮೇಲೆ ಮಲಗಿ ಅದರ ಜೊತೆ ನಾನೂ ಒಳಗೆ ತಲೆ ಹಾಕಿದ್ದೆ ಅತ್ತೆ. ಆಮೇಲೆ ಹೋಯ್ತು. ತಲೆ ಎತ್ತಿ ನಿಮ್ಮನ್ನ ಹುಡುಕಿದೆ. ನೀವು ಬೆನ್ನು ತಿರುಗಿಸಿ ಯಾರ ಜೊತೆನೋ ಜಗಳ ಆಡ್ತಿದ್ರಿ! ನಾಯಿನ ಎತ್ಕೊಟ್ಟೋರು ನೀವು. ನೀವು ಕೊಡದೆ ಇದ್ದಿದ್ರೆ ಅದಕ್ಕೆ ಕತ್ತಲೆ ಅಂದ್ರೆ ಭಯಾನೇ ಇರ್ತಿರ್ಲಿಲ್ಲ. ಒಂದ್ಸಲ, ಒಂದೇ ಒಂದ್ಸಲ ತಪ್ಪಾಯ್ತು ಅಂದ್ರಾ? ಇಲಿ ಅಂತೆ! ಯಾವ ಮನೇಲಿ ಇಲಿ?"

ಆ ಗಂಟಲು ಇಷ್ಟು ದಿನ ಎಲ್ಲಿತ್ತೋ. ಷಡಕ್ಷರಿ ನಾಚಬೇಕು.

ನಾನೇನು ಕಮ್ಮಿ. "ನನ್ನನ್ನು ಕೇಳ್ತೀಯಾ? ಅವನ ಪಕ್ಕದಲ್ಲಿ ಮಲಗ್ತಿದ್ದವಳು ನೀನು. ಎದೆ ನೋವು ಅಂತ ನಿನಗೆ ಗೊತ್ತಾಗಲಿಲ್ವಾ?"

ಅವಳು ಇಂಜಿನ್ ಆರಿಸಿದಳು.

"ಗ್ಯಾಸ್ ಅಂದ" ಅಂದಳು ಧನ್ಯಾ. "ಡಾಕ್ಟ್ರ ಹತ್ರ ಹೋಗೋಣ ಅಂದೆ. ನಿನಗೆಲ್ಲಾ ಗಾಬರಿ ಅಂತ ಬೈದ. ಅಮ್ಮನಿಗೆ ಹೇಳ್ತೀನಿ ಅಂದೆ. ಆಣೆ ಹಾಕಿಸ್ಕೊಂಡ. ನಿಮಗೇನಂದ?"

"ಗ್ಯಾಸ್ ಅಂದ."

"ನೋಡಿ."

"ಅವನು ಚಿಕ್ಕಂದಿನಿಂದಲೂ ಸುಳ್ಳ" ಅಂದೆ. "ಜ್ವರ ಬಂದರೂ ಆಟ ತಪ್ಪುತ್ತೆ ಅಂತ ಹೇಳ್ತಿರಲಿಲ್ಲ."

"ಮೊಂಡ."

"ಶುದ್ಧ ಮೊಂಡ."

ಅವಳು ಸ್ಟೀರಿಂಗಿನ ಮೇಲೆ ತಲೆ ಇಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ನಾನು ಕನ್ನಡಕ ತೆಗೆದಿದ್ದೆ. ರಸ್ತೆಯ ಧೂಳು.

ಮುಂದೆ ಒಂದು ಹೋಟೆಲಿನಲ್ಲಿ ದೋಸೆ ತಿಂದೆವು. ಅಲ್ಲೂ ಜಗಳ. ಮುಂದೆ ಮೈಸೂರಿನಲ್ಲಿ ನಡೆಯುವ ಸ್ಪರ್ಧೆಗೆ ನನ್ನನ್ನು ಕರೆದುಕೊಂಡು ಹೋಗುವುದಿಲ್ಲ ಅಂದಳು. ನಾನು ಬಸ್ಸಿನಲ್ಲಿ ಬರುತ್ತೇನೆ ಅಂದೆ.

ನವೆಂಬರ್ 26, ಬುಧವಾರ

ಮೂರು ದಿನದಿಂದ ಜಗಳ ಒಂದೇ ಸಮ ನಡೆದಿದೆ. ಸುರಂಗ ಬಾಗಿಸಿ ಹೊಲಿಯಲು ಯಾವ ಬಟ್ಟೆ ಎಂದು, ಸಾರಿಗೆ ಉಪ್ಪು ಎಂದು, ತಿಮ್ಮಪ್ಪನನ್ನು ವರ್ಷದ ಕಾರ್ಯಕ್ಕೆ ಕರೆಯಬೇಕೋ ಬೇಡವೋ ಎಂದು. ಅವಳು ಒಂದು ಮಾತನ್ನೂ ಕೆಳಗೆ ಬೀಳಲು ಬಿಡುವುದಿಲ್ಲ. ಎಲ್ಲಿ ಕಲಿತಳೋ.

ಸಂಜೆ ಚನ್ನರಾಯಪಟ್ಟಣದಿಂದ ಅವಳ ತಾಯಿಯ ಫೋನು ಬಂತು. ನಾನು ನಡುಮನೆಯಲ್ಲಿ ಟಾರ್ಪಾಲು ಅಳೆಯುತ್ತಿದ್ದೆ. ಬೇಕೆಂದು ಕೇಳಿಸಿಕೊಂಡದ್ದಲ್ಲ, ಅವಳ ದನಿ ಈಗ ಬೀದಿಗೇ ಕೇಳುತ್ತದೆ. ವರ್ಷದ ಕಾರ್ಯ ಮುಗಿಸಿಕೊಂಡು ಯಾವತ್ತು ಬರುತ್ತೀಯ, ಕೋಣೆಗೆ ಸುಣ್ಣ ಹೊಡೆಸುತ್ತೇವೆ ಎಂದು ಕೇಳಿದರೆಂದು ಕಾಣುತ್ತದೆ.

"ಇಲ್ಲಮ್ಮ, ಬರೋಕಾಗಲ್ಲ" ಅಂದಳು. "ಇಲ್ಲಿ ಜಗಳ ಇನ್ನೂ ಮುಗಿದಿಲ್ಲ."

ನಿಜ. ಮುಗಿದಿಲ್ಲ. ಟಾರ್ಪಾಲಿನ ಅಳತೆಯೂ ಅವಳು ಬರೆದದ್ದು ತಪ್ಪು.